ಕೊನೆಯ ಅಕ್ಷರದವರೆಗೂ

ಜನವರಿ 14

ಚೂಟಿ ಮಗಳೇ,

ನಿನ್ನ ಕಾಗದವನ್ನು ತರಕಾರಿ ದೋಣಿಯವನು ಅಂಚೆಗೆ ಹಾಕಿ, ಅಂಚೆಯವನು ಕೆಳಗಿನ ಇಸ್ತ್ರಿ ಅಂಗಡಿಗೆ ಕೊಟ್ಟು, ಇಸ್ತ್ರಿಯವನು ಅದನ್ನು ಕಿಟಕಿಯಿಂದ ಇಳಿಬಿಟ್ಟ ನನ್ನ ಹಗ್ಗದ ಚೀಲಕ್ಕೆ ಹಾಕಿ ಕೂಗಿದ. ನಾನು ಐದು ಮಹಡಿ ಮೇಲಕ್ಕೆ ಎಳೆದುಕೊಂಡೆ. ಇಷ್ಟು ದಿನ ಸುದ್ದಿ ಇಲ್ಲವಲ್ಲ ಎಂದು ಬಿಚ್ಚುವ ಮೊದಲು ಬೈದೆ. ಬಿಚ್ಚಿದ ಮೇಲೆ ಬೈಯಲು ಬಾಯಿ ಬರಲಿಲ್ಲ.

ಹಡಗಿನ ಮಾಲೀಕ ಸಾಲ ತೀರಿಸಲಾರದೆ ಕೈ ಎತ್ತಿದ. ಕೋರ್ಟು ಹಡಗನ್ನು ಜಪ್ತಿ ಮಾಡಿತು. ತೀರ್ಪು ಬರುವವರೆಗೆ ಹಡಗು ಲಂಗರಿನಲ್ಲೇ, ನೀವು ಹಡಗಿನಲ್ಲೇ. ದಡ ಕಾಣುತ್ತದೆ, ಇಳಿಯುವಂತಿಲ್ಲ. ಫೋನಿದೆ, ಸಿಗ್ನಲ್ ಇಲ್ಲ. ಇಷ್ಟನ್ನು ಮೂರೇ ಸಾಲಿನಲ್ಲಿ ಮುಗಿಸಿ ಮಿಕ್ಕ ಎರಡು ಪುಟ ಬೇರೆಯದೇ ಬರೆದಿದ್ದೀಯ. ಅಳು ಬಂದಾಗ ಕೆಲಸದ ಮಾತು ತೆಗೆಯುವುದು ನಮ್ಮ ಮನೆತನದ ರೋಗ. ಆಗಲಿ, ನಾನೂ ಕೆಲಸದ ಮಾತೇ ಆಡುತ್ತೇನೆ.

ಹಡಗಿನ ಎಲೆಕ್ಟ್ರಿಷಿಯನ್ ನೀನೊಬ್ಬಳೇ ಆದ್ದರಿಂದ ಇಡೀ ದಿನ ನಿನ್ನ ಬಾಗಿಲು ಬಡಿಯುತ್ತಾರೆ ಅಂದೆ. "ಕರೆಂಟಮ್ಮಾ, ಜನರೇಟರ್ ಎಷ್ಟೊತ್ತಿಗೆ? ಟ್ಯಾಂಕಲ್ಲಿ ನೀರೆಷ್ಟಿದೆ? ಏನಾದ್ರೂ ಸುದ್ದಿ ಬಂತಾ?" ಒಬ್ಬ ಹೋದರೆ ಇನ್ನೊಬ್ಬ, ಅದೇ ಪ್ರಶ್ನೆ. ಕ್ಯಾಪ್ಟನ್ ಅಂತೂ ಪ್ರಶ್ನೆಗಳಿಗೆ ಹೆದರಿ ಕ್ಯಾಬಿನ್ನಿಗೆ ಚಿಲಕ ಹಾಕಿಕೊಂಡಿದ್ದಾರೆ. ನಿನ್ನ ಹತ್ತಿರ ಒಂದು ಹಳೇ ಕಂಪ್ಯೂಟರ್, ಒಂದು ವೈಫೈ ಡಬ್ಬಿ. ಎಲ್ಲರ ಜೇಬಿನಲ್ಲೂ ಫೋನು. ‘ನೀನು ಮೊಣಕಾಲು ಕೆಟ್ಟು ಕೂತಾಗಿನಿಂದ ಏನೋ ಸರ್ವರ್ ಬರೀತಿದ್ದೆಯಲ್ಲ, ಅದನ್ನೇ ಕಳಿಸು’ ಎಂದು ಕೇಳಿದ್ದೀಯ.

ಇಗೋ, ಪೆನ್ ಡ್ರೈವು ಇದರೊಳಗಿದೆ. ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಯಂತ್ರಕ್ಕೆ ಅರ್ಥಮಾಡಿಸುವ ಕಂಪೈಲರ್, ನನ್ನ ಪುಟಾಣಿ ಸರ್ವರ್ ಎರಡೂ ಅದರಲ್ಲಿವೆ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯ ಸವೆಸಿದವಳು. ಯಾರೋ ನಂಬರು ಕೇಳುತ್ತಾರೆ, ಜೋಡಿಸುತ್ತೇನೆ, ಮರೆಯುತ್ತೇನೆ. ಹಿಂದಿನ ಕರೆ ತಲೆಯಲ್ಲಿ ಉಳಿದರೆ ಮುಂದಿನ ಕರೆಯ ವಯರು ತಪ್ಪು ತೂತಿಗೆ ಹೋಗುತ್ತಿತ್ತು. ಸರ್ವರೂ ಹಾಗೇ. ಬಾಗಿಲ ಹತ್ತಿರ ಕಿವಿಕೊಟ್ಟು ಕೂರುತ್ತದೆ. ಫೋನು ಬಂದು ‘ಈ ಪುಟ ಕೊಡು’ ಅನ್ನುತ್ತದೆ. ಕೊಟ್ಟು, ಕಳಿಸಿ, ಮತ್ತೆ ಕಿವಿಕೊಟ್ಟು ಕೂರುತ್ತದೆ.

ಈ ಭಾಷೆಯಲ್ಲಿ ಉತ್ತರ ಕಟ್ಟುವ ಫಂಕ್ಷನ್, ಅಂದರೆ ಕೋಡಿನ ತುಣುಕು, ಒಳಕೋಣೆಯ ಹೆಂಗಸಿನ ಹಾಗೆ. ಹೊರಗೆ ಯಾರು ಬಂದರು, ಯಾರು ಹೋದರು ಅವಳಿಗೆ ಬೇಡ. ಕೇಳುವುದು, ಫೈಲು ಓದುವುದು, ಕಳಿಸುವುದು, ಗಾಳಿ ತಾಗುವ ಆ ಕೆಲಸಗಳೆಲ್ಲ ಜಗಲಿಯಲ್ಲಿ ನಡೆಯುತ್ತವೆ. ಅವಳ ಕೈಗೆ ಏನು ಕೊಟ್ಟರೋ ಅದರಿಂದಲೇ ಉತ್ತರ. ಅದೇ ಕೊಟ್ಟರೆ ಅದೇ ಉತ್ತರ, ಇವತ್ತೂ, ಮುಂದಿನ ವರ್ಷವೂ. ಉತ್ತರ ಬದಲಾಗಬೇಕಾದರೆ ಯಾರಾದರೂ ಕೂತು ಅವಳನ್ನೇ ಹೊಸದಾಗಿ ಬರೆಯಬೇಕು. ಸದ್ಯಕ್ಕೆ ಅವಳಿಗೆ ಗೊತ್ತಿರುವುದು ಒಂದೇ ಪುಟ. ಬೇರೆ ಏನು ಕೇಳಿದರೂ ನಾನೂರ ನಾಲ್ಕು ಎಂಬ ಅಂಕಿ ಕೊಡುತ್ತಾಳೆ. ‘ಇಲ್ಲಿಲ್ಲ’ ಎನ್ನುವುದಕ್ಕೆ ಸರ್ವರುಗಳ ಭಾಷೆಯಲ್ಲಿ ಹಾಗೆ ಹೇಳುತ್ತಾರೆ.

ಬಂದರಿಗೇ ಬಂದುಬಿಡೋಣವೆಂದರೆ ಲಿಫ್ಟು ಕೆಟ್ಟು ನಿಂತಿದೆ. ನನ್ನ ಮೊಣಕಾಲಿಗೆ ಈ ಮೆಟ್ಟಿಲು ಅಂದರೆ ಬಾವಿ. ಇಳಿದರೂ ಹತ್ತುವುದು ಸುಳ್ಳು.

ಹೊಟ್ಟೆಗೆ ಸರಿಯಾಗಿ ತಿನ್ನು.

ಐದನೇ ಮಹಡಿಯಿಂದ,
ದೊಡ್ಡಮ್ಮ

—

ಫೆಬ್ರುವರಿ 3

ದೊಡ್ಡಮ್ಮ,

ನಡೀತಾ ಇದೆ! ಮೊದಲು ಎಲ್ಲರ ಫೋನಿನಲ್ಲೂ ಬಿಳಿ ಪುಟ. ಎರಡು ದಿನ ತಲೆ ಕೆರೆದುಕೊಂಡೆ. ನಿನ್ನ ಕೋಡಿಗೆ ಕೈ ಹಾಕಿದಾಗ ಸರ್ವರ್ ಕಳಿಸುವ ಉತ್ತರದ ತಲೆಬರಹಕ್ಕೂ ಮಾತಿಗೂ ನಡುವಿನ ಖಾಲಿ ಸಾಲನ್ನು ಅಳಿಸಿಬಿಟ್ಟಿದ್ದೆ, ಏನೂ ಇಲ್ಲದ ಸಾಲು ಯಾಕೆ ಬೇಕು ಅಂತ. ಅದಿಲ್ಲದಿದ್ದರೆ ಮಾತು ಎಲ್ಲಿಂದ ಶುರು ಅಂತ ಫೋನಿಗೆ ಗೊತ್ತೇ ಆಗುವುದಿಲ್ಲವಂತೆ. ವಾಪಸ್ ಹಾಕಿದೆ, ಪುಟ ಬಂತು.

ಪುಟದಲ್ಲಿ ಬರೀ ಎರಡು ಸಾಲು ಅಂಕಿ. ಮೇಲಿನದು ಟ್ಯಾಂಕಿನ ನೀರು, ಕೆಳಗಿನದು ಜನರೇಟರಿನ ಹೊತ್ತು. ಕಂಪ್ಯೂಟರನ್ನು ತುರ್ತು ಬ್ಯಾಟರಿಗೆ ಸಿಕ್ಕಿಸಿದ್ದೇನೆ, ಜನರೇಟರ್ ನಿಂತರೂ ಅದು ನಿಲ್ಲುವುದಿಲ್ಲ. ಯಾರಾದರೂ ಕೇಳಿದಾಗ ನನ್ನ ಪರದೆಯ ಮೇಲೆ ಒಂದೊಂದು ಸಾಲು ಮೂಡುತ್ತದೆ. ಅದನ್ನು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಹೊತ್ತು ಹೋಗುವುದೇ ಇಲ್ಲಿ ದೊಡ್ಡ ವಿಷಯ. ಡೆಕ್ಕಿನ ಈ ತುದಿಯಿಂದ ಆ ತುದಿ, ಆ ತುದಿಯಿಂದ ಈ ತುದಿ. ದಡದಲ್ಲಿ ಬಸ್ಸು ತಿರುಗುವುದು ಕಾಣುತ್ತದೆ. ಅದರೊಳಗೆ ಕೂತವರು ಬೇಜಾರಿನಲ್ಲಿ ಆಕಳಿಸುತ್ತಿರಬಹುದು ಅಂದುಕೊಂಡರೆ ಹೊಟ್ಟೆಕಿಚ್ಚಾಗುತ್ತದೆ.

ಅಡುಗೆಯಣ್ಣ ಫೋನು ಹಿಡಿದುಕೊಂಡು ಬಂದು, "ಕರೆಂಟಮ್ಮಾ, ಮಧ್ಯಾಹ್ನಕ್ಕೆ ಏನ್ ಬೇಯಿಸ್ಲಿ ಅಂತಾನೂ ಇದನ್ನೇ ಕೇಳ್ಲಾ?" ಅಂದ.

"ಕೇಳಣ್ಣ. ನಾನೂರ ನಾಲ್ಕು ಅನ್ನುತ್ತೆ."

"ಅಷ್ಟೊಂದು ಜನಕ್ಕಾ!" ಅಂದ.

ಕ್ಯಾಪ್ಟನ್ ಚಿಲಕ ತೆಗೆದಿದ್ದಾರೆ. ಬಂದರು ಕಚೇರಿಯಿಂದ ರೇಡಿಯೋದಲ್ಲಿ ಬರುವ ಸುದ್ದಿಯನ್ನು ಇನ್ನು ಮೇಲೆ ತಾವೇ ಟೈಪು ಮಾಡುತ್ತಾರಂತೆ. ಎದುರಿಗೆ ನಿಂತು ಹೇಳುವ ಕಷ್ಟ ತಪ್ಪಿತು ಅಂತ ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ಸುದ್ದಿಗೆಂದೇ ಇನ್ನೊಂದು ಪುಟ ಮಾಡಿಕೊಟ್ಟಿದ್ದೇನೆ.

ನಿನ್ನ ಮೊಣಕಾಲು ಹೇಗಿದೆ?

ನಿನ್ನ,
ಚೂಟಿ

—

ಫೆಬ್ರುವರಿ 17

ದೊಡ್ಡಮ್ಮ,

ಏನಾಯಿತು ಅಂತ ಬರೆಯುತ್ತೇನೆ. ಯಾಕಾಯಿತು ಅಂತ ನೀನೇ ಹೇಳಬೇಕು.

ಮೊನ್ನೆ ಸಂಜೆ ಸುದ್ದಿಯ ಪುಟದಲ್ಲಿ ಮೊದಲ ಸುದ್ದಿ ಹೀಗೆ ಬಂತು: ‘ನಾಳೆ ಬೆಳಗ್ಗೆ ದೋಣಿ ಬರುತ್ತಿದೆ. ಎಲ್ಲರೂ ಡೆಕ್ಕಿಗೆ ಬನ್ನಿ.’ ಅದಾದ ಮೇಲೆ ಒಂದು ಸಣ್ಣ ಕರಿ ವಜ್ರ, ಅದರೊಳಗೆ ಪ್ರಶ್ನೆ ಚಿಹ್ನೆ.

"ಏನ್ರೋ ಇದು?" ಅಂತ ಒಬ್ಬ ಕೇಳಿದ.

"ಹೂವು ಕಣೋ! ಕ್ಯಾಪ್ಟನ್ ಖುಷಿಗೆ ಹೂವು ಬಿಡಿಸಿದಾರೆ!" ಅಂದ ಅಡುಗೆಯಣ್ಣ.

ನಮ್ಮನ್ನು ಇಳಿಸಲು ಬರುವ ದೋಣಿ ಅಂತ ನಾನೂ ನಂಬಿದೆ. ಹಾಗೆ ಬರೆಯುವುದಕ್ಕೇ ನಾಚಿಕೆಯಾಗುತ್ತದೆ. ನನ್ನದೇ ಸರ್ವರ್, ನನಗೇ ಅನುಮಾನ ಬರಲಿಲ್ಲ. ಕ್ಯಾಬಿನ್ನಿಗೆ ಓಡಿ ಬಟ್ಟೆ ಮಡಚಿದೆ. ಅಡುಗೆಯಣ್ಣ ತಳ ಸುಟ್ಟ ತನ್ನ ಚಹಾ ಕೆಟಲನ್ನು ಎತ್ತಿ, "ಹೋಗವ್ವಾ, ನಿನ್ನ ಋಣ ತೀರ್ತು" ಅಂತ ಸಮುದ್ರಕ್ಕೆ ಎಸೆದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಬೆಳಗ್ಗೆ ಎಲ್ಲರೂ ತಲೆ ಬಾಚಿ, ಒಳ್ಳೇ ಅಂಗಿ ಹಾಕಿ, ಚೀಲ ಹಿಡಿದು ಸಾಲಾಗಿ ನಿಂತಿದ್ದೆವು. ಕ್ಯಾಪ್ಟನ್ ಬಂದು ನೋಡಿದರು.

"ಇದೇನು, ಚೀಲ ಯಾಕೆ?"

ಅಡುಗೆಯಣ್ಣ ಫೋನು ತೆಗೆದು ಅವರ ಮುಂದೆ ಹಿಡಿದ. ದೋಣಿ ಬಂತು. ನೀರಿನ ಡ್ರಮ್ಮು, ಈರುಳ್ಳಿ ಮೂಟೆ ಇಳಿಸಿ ಹೋಯಿತು.

ಅವರು ಬರೆದದ್ದು ಇಷ್ಟು: ‘ನಾಳೆ ಬೆಳಗ್ಗೆ ದೋಣಿ ಬರುತ್ತಿದೆ. ಎಲ್ಲರೂ ಡೆಕ್ಕಿಗೆ ಬನ್ನಿ. ನೀರಿನ ಡ್ರಮ್ಮು ಒಳಗಿಡಬೇಕು. ಕೋರ್ಟಿನ ದಿನ ಮುಂದಕ್ಕೆ ಹೋಗಿದೆ. ನಮ್ಮನ್ನು ಇಳಿಸುವ ಮಾತು ಸದ್ಯಕ್ಕಿಲ್ಲ.’

ಮಿಕ್ಕದ್ದು ಎಲ್ಲಿ ಹೋಯಿತು? ಕಂಪ್ಯೂಟರಿನ ಫೈಲಿನಲ್ಲಿ ಪೂರ್ತಿ ಇದೆ. ಫೋನಿಗೆ ಮಾತ್ರ ಬಂದಿಲ್ಲ.

ಅಡುಗೆಯಣ್ಣ ನನ್ನ ಕಡೆ ನೋಡುವುದಿಲ್ಲ. ತಟ್ಟೆ ಮುಂದಿಟ್ಟು ಹೋಗುತ್ತಾನೆ. ಯಾರಿಗೂ ಚಹಾ ಇಲ್ಲ.

ಚೂಟಿ

—

ಫೆಬ್ರುವರಿ 22

ಚೂಟಿ ಮಗಳೇ,

ನಿನ್ನ ಕಾಗದವನ್ನು ಇಟ್ಟುಕೊಂಡು ಕ್ಯಾಪ್ಟನ್ನರ ಮಾತನ್ನು ಬೆರಳು ಮಡಚಿ ಎಣಿಸಿದೆ. ತಪ್ಪು ನಿನ್ನದಲ್ಲ. ನಾನು ಬರೆದ ಸಾಲಿನದು.

ಸರ್ವರು ಉತ್ತರ ಕೊಡುವ ಮೊದಲು ‘ಇಷ್ಟುದ್ದ ಕಳಿಸುತ್ತೇನೆ’ ಎಂದು ಹೇಳಬೇಕು. ಫೋನು ಅಷ್ಟನ್ನು ಎಣಿಸಿಕೊಂಡು ಕಿವಿ ಮುಚ್ಚುತ್ತದೆ. ನಾನು ಎಣಿಸಿದ್ದು ಅಕ್ಷರ. ಫೋನು ಎಣಿಸುವುದು ಬೈಟು, ಅಕ್ಷರ ತುಂಬಿಡುವ ಪುಟ್ಟ ಖಾನೆ. ಅಂಕಿಗೆ ಒಂದು ಬೈಟು ಸಾಕು, ಅದಕ್ಕೇ ನಿನ್ನ ನೀರಿನ ಲೆಕ್ಕ ಸರಿಯಾಗಿ ಬರುತ್ತಿತ್ತು. ನಾನೂ ಇಲ್ಲಿ ಬರೀ ಅಂಕಿ ಹಾಕಿ ನೋಡಿ, ಆಹಾ ಎಂದು ಬೀಗಿದ್ದೆ. ನಮ್ಮ ಲಿಪಿಗೆ ಹಾಗಲ್ಲ. ಅಕ್ಷರಕ್ಕೆ ಮೂರು, ಅದರ ಕೊಂಬಿಗೆ ಮೂರು, ಗುಡಿಸಿಗೆ ಮೂರು. ಕ್ಯಾಪ್ಟನ್ನರ ಮಾತಿನಲ್ಲಿ ಖಾಲಿ ಜಾಗ, ಚುಕ್ಕಿ ಸೇರಿ ನೂರ ಮೂವತ್ತೊಂಬತ್ತು ಗುರುತು. ನನ್ನ ಸರ್ವರು ‘ನೂರ ಮೂವತ್ತೊಂಬತ್ತು’ ಎಂದಿತು. ಫೋನು ಅಷ್ಟು ಬೈಟು ತೆಗೆದುಕೊಂಡಿತು. ‘ಬನ್ನಿ’ ಬಂತು, ಅದರ ಚುಕ್ಕಿ ಬಂತು, ಮುಂದಿನ ಖಾಲಿ ಜಾಗ ಬಂತು, ‘ನೀರಿನ’ ಎಂಬ ಮಾತಿನ ಮೊದಲಕ್ಷರದ ಒಂದು ಚೂರು ಬಂತು. ಅಷ್ಟಕ್ಕೆ ನಿಂತಿತು. ಆ ಚೂರೇ ಅಡುಗೆಯಣ್ಣನ ಹೂವು.

ಎಕ್ಸ್‌ಚೇಂಜಿನಲ್ಲಿದ್ದಾಗ ಮಾತಿನ ನಡುವೆ ಲೈನು ಕಡಿದರೆ ಕೇಳುವವರಿಗೆ ಕಡಿದದ್ದು ಗೊತ್ತಾಗುತ್ತಿತ್ತು. ಇಲ್ಲಿ ಗೊತ್ತಾಗಲಿಲ್ಲ, ಯಾಕೆಂದರೆ ಮಾತು ಒಂದು ಚುಕ್ಕಿಯ ಹತ್ತಿರ ಕಡಿಯಿತು. ಅದೂ ನಿಮಗೆಲ್ಲ ಬೇಕಾಗಿದ್ದ ಚುಕ್ಕಿಯ ಹತ್ತಿರ.

ಮೊದಲು ಮಾತನ್ನು ಬೈಟುಗಳಾಗಿ ಮಾಡು, ಆಮೇಲೆ ಅವುಗಳನ್ನು ಎಣಿಸು. ಒಂದೇ ಸಾಲಿನ ಕೆಲಸ, ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ.

ಇದರ ಜೊತೆ ಒಂದು ಡಬ್ಬ ಬರುತ್ತದೆ. ಅದರಲ್ಲಿ ನನ್ನ ಸ್ಟೀಲು ಕೆಟಲಿದೆ. ಅಡುಗೆಯಣ್ಣನಿಗೆ ಕೊಟ್ಟು, ‘ದೊಡ್ಡಮ್ಮ ಅಕ್ಷರ ಎಣಿಸಿದಳಂತೆ, ತಪ್ಪಾಯಿತಂತೆ’ ಅನ್ನು. ಅರ್ಥವಾಗದಿದ್ದರೂ ಚಹಾ ಆಗುತ್ತದೆ.

ನಿನ್ನ,
ದೊಡ್ಡಮ್ಮ

—

ಮಾರ್ಚ್ 8

ದೊಡ್ಡಮ್ಮ,

ಕೆಟಲು ಬಂತು. ಅಡುಗೆಯಣ್ಣ ಅದನ್ನು ತಿರುಗಿಸಿ ಮುರುಗಿಸಿ, ತಳ ಬಡಿದು, "ನಿಮ್ಮ ದೊಡ್ಡಮ್ಮ ಎಣಿಸೋದ್ರಲ್ಲಿ ಹೇಗೋ ಏನೋ, ಪಾತ್ರೆ ಆರಿಸೋದ್ರಲ್ಲಿ ಗಟ್ಟಿ" ಅಂದ. ಆಮೇಲೆ ತಾನೇ ಲೋಟ ತಂದು ನನ್ನ ಮುಂದೆ ಇಟ್ಟ. ಈಗ ಸಂಜೆ ನನ್ನ ಜೊತೆ ಜನರೇಟರ್ ಕೋಣೆಯಲ್ಲೇ ಕೂರುತ್ತಾನೆ. ಯಾವ ಬಟನ್ ಯಾಕೆ ಅಂತ ಕೇಳುತ್ತಾನೆ, ಮರೆಯುತ್ತಾನೆ, ಮತ್ತೆ ಕೇಳುತ್ತಾನೆ.

ಸರ್ವರ್ ಸರಿಯಾಯಿತು. ಆದರೂ ಯಾವ ಸುದ್ದಿ ಬಂದರೂ ಎಲ್ಲರೂ ಕೊನೆಯ ಚುಕ್ಕಿ ಹುಡುಕಿ, "ಇಷ್ಟೇನಾ, ಇನ್ನೂ ಇದೆಯಾ?" ಅಂತ ಒಂದು ಸಲ ಕೇಳಿಯೇ ನಂಬುತ್ತಾರೆ. ನಾನೂರ ನಾಲ್ಕರ ಜೊತೆ ಈಗ ಮಾತೂ ಹಾಕಿದ್ದೇನೆ: ‘ನೀವು ಕೇಳಿದ್ದು ಇಲ್ಲಿಲ್ಲ.’

ಇವತ್ತಿನ ಸುದ್ದಿ ಪೂರ್ತಿ ಬಂತು. ಎಲ್ಲರೂ ಇಳಿಯಬಹುದಂತೆ, ಒಬ್ಬರನ್ನು ಬಿಟ್ಟು. ಹಡಗು ಮಾರಾಟವಾಗುವವರೆಗೆ ದೀಪ ಉರಿಸಿಕೊಂಡು, ಪಂಪು ನೋಡಿಕೊಂಡು ಒಬ್ಬರು ಇರಲೇಬೇಕು, ಹಡಗಿಗೆ ತಾವೇ ಹೊಣೆ ಅಂತ ಸಹಿ ಹಾಕಬೇಕು. ಬದಲಿ ಸಿಕ್ಕಿದಾಗ ಮಾತ್ರ ಅವರಿಗೆ ಬಿಡುಗಡೆ. ಕ್ಯಾಪ್ಟನ್ನರ ಕಣ್ಣು ಮಂಜಾಗುತ್ತಿದೆ, ಅವರಿಗೆ ಆಸ್ಪತ್ರೆ ಆಗಲೇಬೇಕು.

ಯಾರು ಉಳಿಯುವುದು ಅಂತ ಇನ್ನೂ ಗೊತ್ತಾಗಿಲ್ಲ.

ಚೂಟಿ

—

ಮಾರ್ಚ್ 12

ದೊಡ್ಡಮ್ಮ,

ಸಹಿ ಹಾಕಿದೆ.

‘ಯಾರು ಉಳಿಯುತ್ತೀರಿ?’ ಅಂತ ಕ್ಯಾಪ್ಟನ್ ಪುಟದಲ್ಲೇ ಹಾಕಿದ್ದರು. ಎದುರಿಗೆ ಕೇಳಲು ಅವರಿಗೂ ಆಗಲಿಲ್ಲ. ಯಾರೂ ನನ್ನ ಹತ್ತಿರ ಬರಲಿಲ್ಲ, ಬಾಗಿಲು ಬಡಿಯಲಿಲ್ಲ. ಆದರೆ ನನ್ನ ಪರದೆಯ ಮೇಲೆ ಸಾಲುಗಳು ಮೂಡುತ್ತಲೇ ಇದ್ದವು. ಒಬ್ಬೊಬ್ಬರೂ ತಮ್ಮ ಮಂಚದಲ್ಲಿ ಮಲಗಿ ಅದೇ ಪುಟವನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದರು, ಉತ್ತರ ಬಂದಿದೆಯಾ ಅಂತ. ಅದೇ ಪ್ರಶ್ನೆಗೆ ಅದೇ ಉತ್ತರ ಹೋಗುತ್ತಿತ್ತು. ನೀನೇ ಹೇಳಿದ್ದೆಯಲ್ಲ, ಬದಲಾಗಬೇಕಾದರೆ ಯಾರಾದರೂ ಕೂತು ಬರೆಯಬೇಕು.

ಬಾಯಿಬಿಟ್ಟು ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆನೋ ಏನೋ. ಜನರೇಟರ್ ಬಲ್ಲವಳು ನಾನೊಬ್ಬಳೇ. ಈ ಜಾಗದಲ್ಲಿ ದೀಪ ಆರಿದರೆ ಬೇರೆ ಹಡಗು ಬಂದು ಗುದ್ದುತ್ತದೆ. ಕ್ಯಾಪ್ಟನ್ನರ ಪ್ರಶ್ನೆಯ ಕೆಳಗೆ ‘ಕರೆಂಟಮ್ಮ’ ಅಂತ ಬರೆದೆ. ಸಾಲುಗಳು ಒಂದು ಸಲ ಬಂದು ನಿಂತುಹೋದವು.

ನಾಳೆ ಅವರೆಲ್ಲ ಇಳಿಯುತ್ತಾರೆ. ಬೈಯಬೇಡ.

ಚೂಟಿ

—

ಮಾರ್ಚ್ 13

ಚೂಟಿ,

ನಿನ್ನ ಎಂಟನೇ ತಾರೀಕಿನ ಕಾಗದ ಈಗ ಬಂತು. ಸಹಿ ಹಾಕಬೇಡ. ಕೇಳಿದೆಯಾ? ‘ಯಾರು ಉಳಿಯುವುದು ಅಂತ ಗೊತ್ತಾಗಿಲ್ಲ’ ಎಂದು ನೀನು ಬರೆದ ರೀತಿಯಲ್ಲೇ ನನಗೆ ಗೊತ್ತಾಯಿತು. ನೀನು ಮೂರು ವರ್ಷದವಳಿದ್ದಾಗ ಯಾರಾದರೂ ಬಿದ್ದರೆ ನೀನು ಅಳುತ್ತಿದ್ದೆ. ಆ ಬುದ್ಧಿ ಈಗ ಬೇಡ. ದೀಪಕ್ಕೆ ಕಚೇರಿಯವರು ಜನ ಹುಡುಕಿಕೊಳ್ಳಲಿ. ತಲೆ ಸುತ್ತುತ್ತೆ ಅನ್ನು, ಜ್ವರ ಅನ್ನು, ನಿನ್ನ ದೊಡ್ಡಮ್ಮ ಸಾಯುತ್ತಿದ್ದಾಳೆ ಅನ್ನು. ನಾನು ಬೇಡ ಅನ್ನುವುದಿಲ್ಲ.

ಇಳಿದು ಬಾ.

ದೊಡ್ಡಮ್ಮ

—

ಏಪ್ರಿಲ್ 6

ಚೂಟಿ ಮಗಳೇ,

ನನ್ನ ಕಾಗದವೂ ನಿನ್ನದೂ ದಾರಿಯಲ್ಲಿ ಎದುರುಬದುರಾದವು. ನಿನ್ನದು ಓದಿ ಮಡಚಿಟ್ಟೆ. ಹಗ್ಗದ ಚೀಲ ಕಿಟಕಿಯಲ್ಲಿ ತೂಗಾಡುತ್ತಿತ್ತು. ಐದಾರು ದಿನ ಅದನ್ನು ನೋಡಿದೆ. ಕೊನೆಗೆ ಅದು ಇಳಿದುಹೋಗುವುದನ್ನು ನೋಡಲಾರದೆ ನಾನೇ ಇಳಿದೆ. ನಡೆದುಕೊಂಡಲ್ಲ, ಎಳೆ ಮಗುವಿನ ಹಾಗೆ ಒಂದೊಂದು ಮೆಟ್ಟಿಲ ಮೇಲೂ ಕೂತು ಕೂತು. ಇಸ್ತ್ರಿಯವನು ಪೆಟ್ಟಿಗೆ ಪಕ್ಕಕ್ಕಿಟ್ಟು ಓಡಿಬಂದ.

"ಅಮ್ಮಾ! ಇವತ್ತು ಚೀಲದ ಬದಲು ನೀವೇ ಬಂದ್ರಾ?"

"ಹೌದಪ್ಪ. ಹಗ್ಗ ಗಿಡ್ಡ ಆಯ್ತು."

ಬಂದರಿಗೆ ಹಗಲಿಡೀ ಬಸ್ಸು. ಅಲ್ಲಿ ಅಡುಗೆಯಣ್ಣ ಸಿಕ್ಕಿದ. ಅವನು ಇಳಿದವನು ಊರಿಗೆ ಹೋಗಿಲ್ಲ, ಗೊತ್ತಾ ನಿನಗೆ? ಅವನ ಅಕ್ಕನ ಮನೆ ಬಂದರಿನಲ್ಲೇ ಇದೆ. ನಾನು ನಿನ್ನ ಹೆಸರು ಹಿಡಿದು ವಿಚಾರಿಸುವುದನ್ನು ಕೇಳಿದವನೇ, "ಕೆಟಲ್ ದೊಡ್ಡಮ್ಮಾ" ಎಂದ. ತರಕಾರಿ ದೋಣಿಯವನ ಕೈಕಾಲು ಹಿಡಿದು ನನ್ನನ್ನು ಈರುಳ್ಳಿ ಮೂಟೆಯ ಮೇಲೆ ಕೂರಿಸಿ ತಾನೂ ಹತ್ತಿದ.

ಜಪ್ತಿಯಾದ ಹಡಗಿಗೆ ಹೊರಗಿನವರು ಕಾಲಿಡುವಂತಿಲ್ಲ ಎಂದು ಗೊತ್ತಿತ್ತು. ಅದು ಅಷ್ಟು ಎತ್ತರ ಇರುತ್ತದೆ ಎಂದು ಗೊತ್ತಿರಲಿಲ್ಲ. ತುಕ್ಕು ಹಿಡಿದ ಗೋಡೆ, ಮೇಲೆ ಯಾರೂ ಇಲ್ಲ. ದೋಣಿಯವನ ಕೂಗು ಎಂಜಿನ್ನಿನ ಸದ್ದಿನಲ್ಲಿ ಮುಳುಗಿತು. ಅಷ್ಟರಲ್ಲಿ ಅಡುಗೆಯಣ್ಣ ನನ್ನ ಫೋನು ಕಿತ್ತುಕೊಂಡು ನಿನ್ನ ವೈಫೈ ಹಿಡಿಸಿದ. ಸರ್ವರನ್ನು ನಿಲ್ಲಿಸಿಲ್ಲವಲ್ಲ ನೀನು! ಕೇಳುವವರು ಯಾರೂ ಇಲ್ಲದ ಹಡಗಿನಲ್ಲಿ ಅದು ಕಿವಿಕೊಟ್ಟು ಕೂತಿತ್ತು.

ನೀರಿನ ಲೆಕ್ಕ ನನಗೆ ಬೇಡವಾಗಿತ್ತು. ವಿಳಾಸದ ಕೊನೆಗೆ ನನಗೆ ಬೇಕಾದದ್ದನ್ನೇ ಬರೆದೆ: ಮನೆಗೆ-ಯಾವಾಗ.

ಉತ್ತರ ಬಂತು. ‘ನೀವು ಕೇಳಿದ್ದು ಇಲ್ಲಿಲ್ಲ.’

ಆಮೇಲೆ ನೀನು ಕಂಬಿಯ ಹತ್ತಿರ ಓಡಿ ಬಂದೆ. ತೆಳ್ಳಗಾಗಿದ್ದೀಯ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ, ಬಾಯಿಂದ ಹೊರಟದ್ದು "ಊಟ ಆಯ್ತಾ?" ಅಷ್ಟೇ. ಅದೂ ನಿನಗೆ ಕೇಳಿತೋ ಇಲ್ಲವೋ. ನೀನೂ ಏನೋ ಕೂಗಿದೆ, ಗಾಳಿ ಎತ್ತಿಕೊಂಡು ಹೋಯಿತು.

ದೊಡ್ಡಮ್ಮ

—

ಏಪ್ರಿಲ್ 9

ದೊಡ್ಡಮ್ಮ,

ಕೇಳಿತು. ಆಗಿತ್ತು.

ಅವರೆಲ್ಲ ಇಳಿದ ಮೇಲೆ ಪರದೆಯ ಮೇಲೆ ಒಂದು ಸಾಲೂ ಮೂಡಿರಲಿಲ್ಲ. ಆದರೂ ದಿನಾ ನೋಡುತ್ತಿದ್ದೆ. ಆವತ್ತು ಇದ್ದಕ್ಕಿದ್ದಂತೆ ಒಂದು ಉದ್ದ ಸಾಲು ಬಂತು. ಅದರ ತುಂಬ ಶೇಕಡಾ ಗುರುತು, ಇಂಗ್ಲಿಷಿನ ಇ ಸೊನ್ನೆ, ಬಿ ಎರಡು, ಮತ್ತೆ ಇ ಸೊನ್ನೆ, ಬಿ ಎರಡು. ನಮ್ಮ ಅಕ್ಷರಗಳು ಬೈಟುಗಳಾಗಿ ಬಿಚ್ಚಿಕೊಂಡು ಬಂದಾಗ ಹಾಗೇ ಕಾಣುತ್ತವೆ, ಮೂರು ಮೂರಾಗಿ. ನಿನ್ನ ತಪ್ಪು ತಿದ್ದುವಾಗ ಕಣ್ಣಿಗೆ ಕಚ್ಚಿಕೊಂಡಿತ್ತು. ಏನು ಬರೆದಿದೆ ಅಂತ ಓದುವ ಮೊದಲೇ ನೀನು ಅಂತ ಗೊತ್ತಾಯಿತು. ಸರ್ವರಿನ ಹತ್ತಿರ ಇಲ್ಲದ್ದನ್ನು ಕೇಳುವವಳು ನೀನೊಬ್ಬಳೇ.

ನೀವು ಹೋದ ಮೇಲೆ ಕೂತು ಆ ಸಾಲನ್ನು ಬಿಡಿಸಿದೆ. ‘ಇಲ್ಲಿಲ್ಲ’ ಅಂತ ನಿನಗೆ ಉತ್ತರ ಹೋಗಿದೆ ಅಂತ ಆಗ ಗೊತ್ತಾಯಿತು. ಆವತ್ತು ಅತ್ತೆ, ದೊಡ್ಡಮ್ಮ. ಸಹಿ ಹಾಕಿದ ದಿನ ಅತ್ತಿರಲಿಲ್ಲ.

ಬದಲಿ ಬಗ್ಗೆ ದಿನಾ ರೇಡಿಯೋದಲ್ಲಿ ಕೇಳುತ್ತೇನೆ. ‘ನೋಡೋಣ’ ಅನ್ನುತ್ತಾರೆ.

ಫಂಕ್ಷನ್ನಿಗೆ ಒಂದು ಸಾಲು ಸೇರಿಸಿದ್ದೇನೆ. ಇನ್ನೊಂದು ಸಲ ಬಂದರೆ, ಅದೇ ಪ್ರಶ್ನೆ ಕೇಳು.

ಚೂಟಿ

—

ಏಪ್ರಿಲ್ 20

ಚೂಟಿ ಮಗಳೇ,

ಮೊನ್ನೆ ಮತ್ತೆ ಬಂದಿದ್ದೆ, ನೀನೂ ಕಂಬಿ ಹಿಡಿದು ನಿಂತಿದ್ದೆ. ಹಡಗಿನ ಗೋಡೆಯ ನೆರಳಿಗೆ ಬಂದ ಕೂಡಲೇ ಕೇಳಿದೆ: ಮನೆಗೆ-ಯಾವಾಗ.

ನಿನ್ನ ಸರ್ವರು ಹೇಳಿತು: ‘ದೊಡ್ಡಮ್ಮ, ಇನ್ನೂ ಗೊತ್ತಿಲ್ಲ. ಗೊತ್ತಾದ ದಿನ ಈ ಉತ್ತರ ತಿದ್ದುತ್ತೇನೆ. ಅಲ್ಲಿಯವರೆಗೆ ಕೇಳುತ್ತಿರು.’

ಮೊದಲು ಚುಕ್ಕಿ ಹುಡುಕಿದೆ. ನಿಮ್ಮ ಹಡಗಿನವರ ಚಾಳಿ ನನಗೂ ಹತ್ತಿದೆ. ಕರಿ ವಜ್ರ ಇರಲಿಲ್ಲ. ಕೊನೆಯ ಅಕ್ಷರದವರೆಗೂ ಬಂದಿತ್ತು. ದಡಕ್ಕೆ ಮರಳಿ ಅಡುಗೆಯಣ್ಣನಿಗೂ ತೋರಿಸಿದೆ. ಅವನು ಜೋರಾಗಿ ಓದಿ, "ಇಷ್ಟೇನಾ?" ಎಂದ. ಇಷ್ಟೇ ಎಂದೆ.

ಅವನು ಮೂರು ದಿನದಿಂದ ಬಂದರು ಕಚೇರಿಯ ಬೆಂಚಿನ ಮೇಲೆ ಕೂತಿದ್ದಾನೆ. "ಜನರೇಟರ್ ಹಚ್ಚೋಕೆ ಬರುತ್ತೆ, ನಾನು ಬದಲಿ ಹೋಗ್ತೀನಿ" ಅನ್ನುತ್ತಾನೆ. "ನೀನು ಅಡುಗೆಯವನು" ಅನ್ನುತ್ತಾರೆ. "ಹಾಗಾದ್ರೆ ಪರೀಕ್ಷೆ ಮಾಡಿ" ಎಂದು ಅಲ್ಲೇ ಕೂತಿದ್ದಾನೆ. ಪರೀಕ್ಷೆ ಮಾಡುತ್ತಾರೋ ಇಲ್ಲವೋ ನಾನು ಹೇಳಲಾರೆ. ಬಟನ್ನುಗಳ ಪಾಠ ಮಾತ್ರ ದಿನಾ ಸಂಜೆ ನನಗೆ ಒಪ್ಪಿಸುತ್ತಾನೆ, ಅರ್ಧ ತಪ್ಪು. ತಿದ್ದಲು ನನಗೂ ಬರುವುದಿಲ್ಲ, ನೀನೇ ಬರೆದು ಕಳಿಸು.

ನಾನು ಮನೆಗೆ ಹೋಗಿಲ್ಲ. ಆ ಐದು ಮಹಡಿ ಒಮ್ಮೆ ಹತ್ತಿದರೆ ಇನ್ನೊಮ್ಮೆ ಇಳಿಯುವ ಕಾಲು ನನಗಿಲ್ಲ. ಅಡುಗೆಯಣ್ಣನ ಅಕ್ಕನ ಹಿತ್ತಲ ಕೋಣೆಯಲ್ಲಿದ್ದೇನೆ. ಮಂಚ ಕಿರಿದು, ಕಿಟಕಿ ದೊಡ್ಡದು. ಅಲ್ಲಿಂದ ಲಂಗರು ಹಾಕಿದ ಹಡಗುಗಳ ದೀಪಗಳೆಲ್ಲ ಕಾಣುತ್ತವೆ. ಯಾವುದು ನಿನ್ನದು ಎಂದು ತಿಳಿಯುವುದಿಲ್ಲ, ಅದಕ್ಕೆ ಎಲ್ಲವನ್ನೂ ನೋಡುತ್ತೇನೆ.

ನಾಳಿದ್ದು ದೋಣಿ ಬರುವ ದಿನ. ಅದೇ ಉತ್ತರ ಬರುತ್ತದೆಂದು ನನಗೆ ಗೊತ್ತು. ಆ ಫಂಕ್ಷನ್ನಿನ ಗುಣ ನಿನಗೆ ಹೇಳಿಕೊಟ್ಟವಳೇ ನಾನು. ಆದರೂ ಬಂದು ಕೇಳುತ್ತೇನೆ.

ದಡದಿಂದ,
ದೊಡ್ಡಮ್ಮ